ಒಂದೇ ಬಟ್ಟೆ

ಮೂಗು ಬರುವ ಹೊತ್ತಿಗೆ ವಾರ್ಡು ನಾರಬಾರದು. ಕೆಲಸವೆಂದರೆ ಅಷ್ಟೇ.

ಮೂಗು ಎಂದರೆ ಸೂಪರ್‌ವೈಸರ್. ಸರ್ಕಾರಿ ಆಸ್ಪತ್ರೆಯ ನೆಲ, ಮಂಚ, ಕಕ್ಕಸು ಎಲ್ಲವನ್ನೂ ಒಂದು ಖಾಸಗಿ ಕಂಪನಿಯ ಕೊರಳಿಗೆ ಕಟ್ಟಿ ಮೇಲಿನವರು ಕೈ ತೊಳೆದುಕೊಂಡ ಮೇಲೆ ಬಂದವನು. ವಾರ್ಡಿನ ಬಾಗಿಲಲ್ಲಿ ನಿಂತು ಒಂದು ಸಲ ಉಸಿರೆಳೆಯುತ್ತಾನೆ. ಫಿನಾಯಿಲ್ ವಾಸನೆ ಬಂದರೆ ತಲೆಯಾಡಿಸುತ್ತಾನೆ. ಬರದಿದ್ದರೆ ಅವತ್ತಿನ ಕೂಲಿಗೆ ಕತ್ತರಿ. ಒಳಗೆ ಮಾತ್ರ ಕಾಲಿಡುವುದಿಲ್ಲ. ಒಳಗೆ ಕಾಲು ಮುರಿದವರು, ಸೊಂಟ ಮುರಿದವರು, ಕೀವು ಸೋರುವವರು ಮಲಗಿರುತ್ತಾರೆ. ಬೂಟು ಕೆಟ್ಟೀತು.

ಆ ಮೂಗಿಗೆ ಬೇಕಾದ್ದನ್ನು ಉಣಿಸುವ ಉಪಾಯ ಕಂಡುಹಿಡಿದವಳು ಆ ವಾರ್ಡು ಒರೆಸುವ ಹೆಂಗಸು. ಕಂಪನಿ ಕೊಡುವ ಫಿನಾಯಿಲನ್ನು ಇಡೀ ವಾರ್ಡಿಗೆ ಹಂಚಿದರೆ ಬಕೆಟ್ಟಿನ ನೀರು ಬೆಳ್ಳಗೆ ಕೂಡ ಆಗುತ್ತಿರಲಿಲ್ಲ. ಅದಕ್ಕೆ ಅವಳು ಅದನ್ನು ನೀರಿಗೆ ಹಾಕುವುದನ್ನೇ ಬಿಟ್ಟಳು. ಬರೀ ನೀರಿನಲ್ಲಿ ಒರೆಸುವುದು. ಮೂಗು ಮೆಟ್ಟಿಲು ಹತ್ತುವ ಸದ್ದು ಕೇಳಿದ ಕೂಡಲೇ ಒಂದು ಮುಚ್ಚಳ ಫಿನಾಯಿಲನ್ನು ಹೊಸ್ತಿಲ ಮೇಲೆ ಚೆಲ್ಲುವುದು. ಹೊಸ್ತಿಲು ಘಮ್ಮೆನ್ನುತ್ತಿತ್ತು. ಮೂಗಿಗೂ ಖುಷಿ, ಕೂಲಿಯೂ ಭದ್ರ. ಬೇರೆ ವಾರ್ಡಿನ ಹೆಂಗಸರು ಬಂದು ಈ ವಿದ್ಯೆ ಕಲಿತುಕೊಂಡು ಹೋದರು. ದೊಡ್ಡ ನರ್ಸ್ ನಕ್ಕು ಅವಳಿಗೆ ಫಿನಾಯಿಲಕ್ಕ ಎಂದು ಹೆಸರಿಟ್ಟಳು. ಹೆಸರು ಅಂಟಿಕೊಂಡಿತು. ಫಿನಾಯಿಲಕ್ಕನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆ ಹೆಮ್ಮೆ ನೆನಪಾದಾಗಲೆಲ್ಲ ಈಗ ಅವಳಿಗೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕು ಅನಿಸುತ್ತದೆ.

ಕಂಪನಿ ಬರುವ ಮೊದಲು ಆಸ್ಪತ್ರೆಯೇ ಅವಳಿಗೆ ಸಂಬಳ ಕೊಡುತ್ತಿತ್ತು. ಆಗಲೂ ಬೆನ್ನು ಮುರಿಯುತ್ತಿತ್ತು. ಆಗಲೂ ಅವಳು ಕುಡಿದ ಲೋಟವನ್ನು ಬೇರೆ ಇಡುತ್ತಿದ್ದರು. ಆದರೆ ಹಿತ್ತಲಲ್ಲಿ ಒಂದು ದೊಡ್ಡ ಹಂಡೆ ಇತ್ತು. ಒಂದೊಂದು ಮಂಚಕ್ಕೂ ಒಂದೊಂದು ಬಟ್ಟೆ. ಕಕ್ಕಸಿನ ಬಟ್ಟೆ ಬೇರೆಯೇ. ಎಲ್ಲವನ್ನೂ ಸಂಜೆ ಆ ಹಂಡೆಗೆ ಹಾಕಿ ಕುದಿಸಬೇಕು, ಹಗ್ಗದ ಮೇಲೆ ಬಿಸಿಲಿಗೆ ಹರವಬೇಕು. ಕೈಯ ಚರ್ಮ ಸುಲಿದು ಹೋಗುತ್ತಿತ್ತು. "ಈ ಹಂಡೆ ಒಡೆದು ಹೋಗಬಾರದಾ" ಎಂದು ಎಷ್ಟೋ ಸಲ ಶಪಿಸಿದ್ದಳು. ಶಾಪ ತಟ್ಟಿತು. ಕಂಪನಿ ಬಂದ ಮೊದಲ ವಾರವೇ ಹಂಡೆ ಗುಜರಿಗೆ ಹೋಯಿತು. ಅರ್ಧ ಹೆಂಗಸರು ಮನೆಗೆ ಹೋದರು. ಉಳಿದವರ ಕೈಗೆ ಒಂದು ಬಕೆಟ್ಟು, ಒಂದು ಬಟ್ಟೆ ಬಂತು. ನೀರು ಪೋಲಾಗುತ್ತದೆಂದು ಮೇಲಿನ ನಲ್ಲಿಗೆ ಬೀಗ ಬಿತ್ತು. ಕೆಳಗಿನಿಂದ ಬಕೆಟ್ಟು ಹೊತ್ತು ತರಬೇಕು. ಮೊಣಕಾಲು ಬಾತುಕೊಂಡ ಹೆಂಗಸು ಒಂದೇ ವಾರ್ಡಿಗೆ ಎಷ್ಟು ಸಲ ಹೊತ್ತಾಳು? ಒಂದು ಸಲ. ಅದೇ ನೀರು, ಅದೇ ಬಟ್ಟೆ, ಕಕ್ಕಸಿನ ಪಕ್ಕದ ಮೂಲೆ ಮಂಚದಿಂದ ಶುರುವಾಗಿ ಕಿಟಕಿ ಪಕ್ಕದ ಮಂಚದಲ್ಲಿ ಮುಗಿಯುತ್ತಿತ್ತು.

ರಸ್ತೆಯ ಆಚೆ ಗಾಜಿನ ಬಾಗಿಲಿನ ಖಾಸಗಿ ಆಸ್ಪತ್ರೆ. ಅಲ್ಲಿಯೂ ನೆಲ ಒರೆಸುವುದು ಇದೇ ಕಂಪನಿ. ಒಂದು ದಿನ ಅಲ್ಲಿ ಆಳು ಕಡಿಮೆಯಾಗಿ ಮೂಗು ಫಿನಾಯಿಲಕ್ಕನನ್ನು ಕಳಿಸಿದ. ಅಲ್ಲಿ ಅವಳ ಕೈಗೆ ನಾಲ್ಕು ಬಣ್ಣದ ಬಟ್ಟೆ ಕೊಟ್ಟರು. ಕೆಂಪು ಕಕ್ಕಸಿಗೆ, ನೀಲಿ ನೆಲಕ್ಕೆ, ಹಳದಿ ಮಂಚಕ್ಕೆ, ಹಸಿರು ಮೇಜಿಗೆ. ಕೋಣೆ ಬದಲಾದರೆ ಬಟ್ಟೆಯೂ ಬದಲು. ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. ವಾಪಸು ಬಂದು ಮೂಗನ್ನು ಕೇಳಿದಳು.

"ನಮಗ್ಯಾಕೆ ಅಂಥ ಬಟ್ಟೆ ಕೊಡಲ್ಲ ಸಾರ್?"

"ಅಲ್ಲಿ ಕೇಳೋರಿದ್ದಾರೆ. ಇಲ್ಲಿ ಯಾರಿದ್ದಾರೆ?"

"ನಾನು ಕೇಳ್ತಾ ಇದೀನಲ್ಲ."

"ನೀನು ಕೇಳಿದ್ರೆ ಅದನ್ನ ಕೇಳೋದು ಅನ್ನಲ್ಲಮ್ಮ, ಗೊಣಗೋದು ಅಂತಾರೆ" ಎಂದು ಹಲ್ಲು ಕಿರಿದ.

ಅವಳೂ ನಕ್ಕಳು. ನಗದೆ ಇನ್ನೇನು ಮಾಡುತ್ತಾಳೆ? ನಕ್ಕು, ಬಕೆಟ್ಟು ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಇಷ್ಟೆಲ್ಲ ಗೊತ್ತಿದ್ದೂ ತಂಗಿಯನ್ನು ಅದೇ ವಾರ್ಡಿಗೆ ಕರೆತಂದಳು. ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿರುವುದು ಇದೇ.

ತಂಗಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಕಾಲಿನಲ್ಲಿ ತುಳಿಯುವ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳೆ. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ. ಹಾಡು ಹೇಳಿಕೊಳ್ಳುತ್ತ ತುಳಿಯುತ್ತಾಳೆ, ಹಾಡು ತಪ್ಪಿದರೆ ಹೊಲಿಗೆಯೂ ತಪ್ಪುತ್ತದೆ ಎಂದು ಅಕ್ಕ ಆಡಿಕೊಳ್ಳುವುದುಂಟು. ಬಟ್ಟೆಯ ಗಂಟು ಹೊತ್ತು ಮೆಟ್ಟಿಲಿಳಿಯುವಾಗ ಕಾಲು ಜಾರಿ ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ತಂಗಿಯ ಗಂಡ ಮೂಟೆ ಹೊರುವವನು. ಅವನು ಹೆದರಿ, "ಮೆಷಿನ್ ಮಾರಿಬಿಡೋಣ, ಆ ಗಾಜಿನ ಆಸ್ಪತ್ರೆಗೇ ಹೋಗೋಣ" ಎಂದ.

"ತಲೆ ಕೆಟ್ಟಿದೆಯಾ ನಿನಗೆ?" ಎಂದು ಫಿನಾಯಿಲಕ್ಕ ಗದರಿದಳು. "ಮೆಷಿನ್ ಮಾರಿ ಕಾಲು ಸರಿ ಮಾಡಿಸಿ, ಆಮೇಲೆ ಆ ಕಾಲಲ್ಲಿ ಏನನ್ನ ತುಳೀತಾಳೆ? ನಮ್ಮ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ನಾನಿದ್ದೀನಲ್ಲ."

ನಾನಿದ್ದೀನಲ್ಲ. ಆ ಮಾತನ್ನು ಅವಳು ಎದೆ ತಟ್ಟಿ ಹೇಳಿದ್ದಳು. ತಂಗಿ ನೋವಿನಲ್ಲೂ ಗಂಡನ ಕಡೆ ನೋಡಿ, ಅಕ್ಕ ಇದ್ದಾಳಲ್ಲ, ಎಂದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರು ರಾಡು ಹಾಕಿದರು, ಕೆಲವು ವಾರ ಕಳೆದರೆ ನಡೆಯುತ್ತಾಳೆ ಎಂದರು. ಫಿನಾಯಿಲಕ್ಕ ದೊಡ್ಡ ನರ್ಸಿನ ಹಿಂದೆ ಬಿದ್ದು, ಗೋಗರೆದು, ತಂಗಿಗೆ ಕಿಟಕಿ ಪಕ್ಕದ ಮಂಚ ಕೊಡಿಸಿದಳು. ಗಾಳಿ ಬೆಳಕು ಇರುವ ಮಂಚ ಅದೊಂದೇ. ಕಕ್ಕಸಿನಿಂದ ದೂರ. ಮೂಲೆ ಮಂಚದಲ್ಲಿ ಒಬ್ಬ ಅಜ್ಜಿ ಇದ್ದಳು. ಸೊಂಟದ ಗಾಯ ಕೊಳೆತಿತ್ತು. ನೋಡುವವರು ಯಾರೂ ಇರಲಿಲ್ಲ. ಫಿನಾಯಿಲಕ್ಕ ಹತ್ತಿರ ಹೋದಾಗಲೆಲ್ಲ, "ಮಗಳೇ, ಸ್ವಲ್ಪ ಸರಿಯಾಗಿ ಒರೆಸವ್ವ, ಅಂಟಂಟಾಗಿದೆ" ಎನ್ನುತ್ತಿದ್ದಳು. ಫಿನಾಯಿಲಕ್ಕ ಕಂಬಿಯ ಮೇಲೆ ಒಂದು ಸಲ ಬಟ್ಟೆ ಎಳೆದು ಮುಂದೆ ಹೋಗುತ್ತಿದ್ದಳು. ಹೊತ್ತು ಉಳಿಸಬೇಕಿತ್ತು. ತಂಗಿಯ ಮಂಚಕ್ಕೆ ಬೇಕಾಗಿತ್ತು.

ತಂಗಿಯ ಮಂಚವನ್ನು ಅವಳು ಎರಡು ಸಲ ಒರೆಸುತ್ತಿದ್ದಳು. ಕಂಬಿ ಒರೆಸುತ್ತಿದ್ದಳು, ತಲೆದಿಂಬಿನ ಹಿಂದಿನ ಗೋಡೆ, ಪಕ್ಕದ ಪುಟ್ಟ ಮೇಜು, ಮೇಜಿನ ಮೇಲಿನ ನೀರಿನ ಗ್ಲಾಸು, ಗ್ಲಾಸಿನ ಅಂಚನ್ನೂ ಬಿಡುತ್ತಿರಲಿಲ್ಲ. ಅದೇ ಬಟ್ಟೆ. ಮೂಲೆಯಿಂದ ಹೊರಟು ಇಡೀ ವಾರ್ಡಿನ ಕೀವು, ಕಫ, ಬೆವರು ಎಲ್ಲವನ್ನೂ ಮುಟ್ಟಿಕೊಂಡು ಬಂದ ಬಟ್ಟೆ. ಹಿಂಡಿದರೆ ಬೂದು ನೀರು ಬೀಳುತ್ತಿತ್ತು. ಅವಳು ಗಟ್ಟಿಯಾಗಿ ಹಿಂಡಿ ಮತ್ತೆ ಒರೆಸುತ್ತಿದ್ದಳು.

"ಸಾಕು ಬಿಡಕ್ಕ, ಸವೆದು ಹೋಗುತ್ತೆ ಮಂಚ" ಎಂದು ತಂಗಿ ನಗುತ್ತಿದ್ದಳು. ಪಕ್ಕದ ಮಂಚದವರು ಹೊಟ್ಟೆಕಿಚ್ಚು ಪಡುತ್ತಿದ್ದರು. "ಒಡಹುಟ್ಟಿದವರಿದ್ರೆ ಹಿಂಗಿರಬೇಕಪ್ಪ" ಎನ್ನುತ್ತಿದ್ದರು.

ವಾಸನೆ ಮೊದಲು ತಿಳಿದದ್ದು ಅವಳಿಗೇ. ಅಷ್ಟು ವರ್ಷ ವಾಸನೆಯ ಜೊತೆಯಲ್ಲೇ ಬದುಕಿದವಳು. ತಂಗಿಯ ಕಟ್ಟಿನ ಹತ್ತಿರ ಬಗ್ಗಿದಾಗ ಸಿಹಿಯಾದ, ಕೊಳೆತ ನಾತ. ಇಲ್ಲ, ಇದು ನನ್ನ ಕೈಯ ವಾಸನೆ, ಬಕೆಟ್ಟಿನ ವಾಸನೆ ಎಂದುಕೊಂಡಳು. ಮಾರನೆಯ ದಿನ ತಂಗಿಗೆ ಜ್ವರ. ಕಟ್ಟು ಬಿಚ್ಚಿದರೆ ಗಾಯ ಬಾಯಿ ತೆರೆದಿತ್ತು. ಔಷಧಿ ಹಾಕಿದರು, ಬದಲಾಯಿಸಿದರು, ಇನ್ನೂ ದೊಡ್ಡ ಔಷಧಿ ಹಾಕಿದರು. ಯಾವುದಕ್ಕೂ ಬಗ್ಗಲಿಲ್ಲ. ಕೆಂಪು ಮೇಲೇರುತ್ತ ಹೋಯಿತು. ಕೊನೆಗೆ ಡಾಕ್ಟರು ತಂಗಿಯ ಗಂಡನನ್ನು ಹೊರಗೆ ಕರೆದು, "ಜೀವ ಬೇಕೋ, ಕಾಲು ಬೇಕೋ?" ಎಂದು ಕೇಳಿದರು.

ಮೊಣಕಾಲಿನ ಮೇಲಿಂದ ತೆಗೆದರು.

ಅದೇ ವಾರ ಮೂಲೆ ಮಂಚದ ಅಜ್ಜಿ ಸತ್ತಳು. ಹೊದಿಕೆ ಎಳೆದು ತೆಗೆದುಕೊಂಡು ಹೋದರು. ಆ ಮಂಚವನ್ನು ಫಿನಾಯಿಲಕ್ಕ ಒರೆಸಿದಳು. ಬೇರೆಯವರು ಬಂದು ಮಲಗಿದರು.

ಕಿರಿಯ ಡಾಕ್ಟರಮ್ಮ ಒಬ್ಬಳಿದ್ದಳು. ಕೆಲಸಕ್ಕೆ ಹೊಸಬಳು, ಬಾಯಿ ಜೋರು. ಅವಳು ಹತ್ತಿ ಸುತ್ತಿದ ಕಡ್ಡಿಗಳನ್ನು ತಂದು ಮಂಚದ ಕಂಬಿಗಳಿಗೆ ಒತ್ತಿ, ಸೀಸೆಯಲ್ಲಿಟ್ಟು ಪರೀಕ್ಷೆಗೆ ಕಳಿಸಿದಳು. ಬಕೆಟ್ಟಿನಲ್ಲಿದ್ದ ಬಟ್ಟೆಗೂ ಒತ್ತಿದಳು. ಆಮೇಲೆ ಒಂದು ಮಧ್ಯಾಹ್ನ ಫಿನಾಯಿಲಕ್ಕನನ್ನು ಕೂರಿಸಿಕೊಂಡು ಹೇಳಿದಳು.

"ಅಜ್ಜಿ ಗಾಯದಲ್ಲಿದ್ದ ಕ್ರಿಮಿ, ನಿಮ್ಮ ತಂಗಿ ಗಾಯದಲ್ಲಿದ್ದ ಕ್ರಿಮಿ, ಎರಡೂ ಒಂದೇ. ಬಟ್ಟೆಯಲ್ಲೂ ಅದೇ ಇದೆ. ಬಟ್ಟೆಯಿಂದ ಕಂಬಿಗೆ, ಕಂಬಿಯಿಂದ ಕೈಗೆ, ಕೈಯಿಂದ ಗಾಯಕ್ಕೆ. ಕಂಪನಿ ಬಂದ ಮೇಲೆ ಈ ವಾರ್ಡಲ್ಲಿ ಕೀವಾಗೋರು ಜಾಸ್ತಿ ಆಗಿದ್ದಾರೆ ಅಂತ ನಾನು ಬಡ್ಕೊಳ್ತಾನೇ ಇದೀನಿ. ಖರ್ಚು ಉಳೀತಲ್ಲ ಅಂತಾರೆ. ಏನು ಉಳಿಸಿದ್ರೋ. ಒಂದು ಕಾಲು ಕಡಿಯೋಕೆ ಎಷ್ಟು ಖರ್ಚು ಅಂತ ಯಾರೂ ಲೆಕ್ಕ ಹಾಕಲ್ಲ."

ಫಿನಾಯಿಲಕ್ಕ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಆಮೇಲೆ ಕೇಳಿದಳು.

"ಜಾಸ್ತಿ ಒರೆಸಿದ್ರೆ ಜಾಸ್ತಿ ಅಂಟುತ್ತಾ ಡಾಕ್ಟರಮ್ಮ?"

ಡಾಕ್ಟರಮ್ಮನ ಮುಖವೇ ಹೌದೆಂದು ಹೇಳಿತು. ಫಿನಾಯಿಲಕ್ಕ ಎದ್ದು ಹೋಗಿ ಕೈ ತೊಳೆದುಕೊಂಡಳು. ಸೋಪು ತಿಕ್ಕಿ ತಿಕ್ಕಿ ಉಗುರಿನ ಬುಡದಲ್ಲಿ ರಕ್ತ ಬರುವ ತನಕ ತೊಳೆದುಕೊಂಡಳು. ಅವತ್ತಿನಿಂದ ತಂಗಿಗೆ ತುತ್ತು ತಿನ್ನಿಸುವುದನ್ನು ನಿಲ್ಲಿಸಿದಳು. ಚಮಚ ತಂಗಿಯ ಕೈಗೇ ಕೊಟ್ಟು ದೂರ ನಿಲ್ಲುತ್ತಿದ್ದಳು. "ಯಾಕಕ್ಕ, ಕುಂಟಿ ಆದೆ ಅಂತ ಮುಟ್ಟಲ್ವಾ?" ಎಂದು ತಂಗಿ ಕೇಳಿದಾಗ ತಟ್ಟೆ ತೊಳೆಯುವ ನೆಪದಲ್ಲಿ ಹೊರಗೆ ನಡೆದಳು. ನಿಜ ಮಾತ್ರ ಹೇಳಲಿಲ್ಲ.

ಡಾಕ್ಟರಮ್ಮ ಸುಮ್ಮನಿರಲಿಲ್ಲ. ದೂರು ಮೇಲೆ ಹೋಯಿತು. ವಿಚಾರಣೆ ಅಂತ ಆಯಿತು. ವಿಚಾರಣೆಯ ಹಿಂದಿನ ದಿನ ಮೂಗು ಮೊಟ್ಟಮೊದಲ ಸಲ ವಾರ್ಡಿನ ಒಳಗೆ ಬಂದ. ಫಿನಾಯಿಲಕ್ಕನನ್ನು ಮೆಟ್ಟಿಲ ಕೆಳಗೆ ಕರೆದೊಯ್ದು ದನಿ ತಗ್ಗಿಸಿದ.

"ನೀನೇನೂ ಸುಳ್ಳು ಹೇಳಬೇಕಾಗಿಲ್ಲ. ನಿನ್ನ ತಂಗಿ ಕಟ್ಟಿನೊಳಗೆ ಕೈ ಹಾಕಿ ಕೆರ್ಕೊಳ್ತಿದ್ಲು ಅನ್ನು ಸಾಕು. ಮನೆಯೋರು ಹೊರಗಿನ ಕಾಲಲ್ಲೇ ಬಂದು ಮಂಚದ ಮೇಲೆ ಕೂರ್ತಿದ್ರು ಅನ್ನು. ಒಡಹುಟ್ಟಿದೋಳೇ ಹೇಳಿದ್ರೆ ಮುಗೀತು. ನಿನ್ನ ಕೆಲಸ ಖಾಯಂ. ತಂಗಿಗೂ ಕಂಪನಿ ಏನಾದ್ರೂ ಮಾಡುತ್ತೆ."

"ಏನು ಮಾಡುತ್ತೆ?"

"ಕೂತು ಮಾಡೋ ಕೆಲಸ ಏನಾದ್ರೂ."

"ಅವಳು ಕೂತೇ ಕೆಲಸ ಮಾಡ್ತಿದ್ಲು ಸಾರ್."

ಹಾಗೆಂದಳೇ ಹೊರತು ಆಗುವುದಿಲ್ಲ ಎನ್ನಲಿಲ್ಲ. ಇದನ್ನೂ ಹೇಳಿಬಿಡಬೇಕು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಆ ಮಾತನ್ನು ಬಾಯಲ್ಲಿ ಹಾಕಿಕೊಂಡು ನೋಡಿದಳು. ಕೆರ್ಕೊಳ್ತಿದ್ಲು. ಮನೆಯೋರು ಬರ್ತಿದ್ರು. ಹಾಗಂದುಬಿಟ್ಟರೆ ಕಾಲು ಹೋದದ್ದು ತಂಗಿಯದೇ ತಪ್ಪಾಗುತ್ತದೆ. ತನ್ನ ಕೈ ತಪ್ಪಿಸಿಕೊಳ್ಳುತ್ತದೆ. ಆ ಆಸೆ ಅವಳಿಗೆ ಹುಟ್ಟಿತು. ಹುಟ್ಟಿದ್ದಕ್ಕೆ ಇನ್ನಷ್ಟು ಅಸಹ್ಯವಾಯಿತು.

ವಿಚಾರಣೆ ನಡೆದದ್ದು ಕೆಳಗಿನ ಮೀಟಿಂಗ್ ಕೋಣೆಯಲ್ಲಿ. ಉದ್ದನೆಯ ಮೇಜು. ಆಸ್ಪತ್ರೆಯ ದೊಡ್ಡ ಅಧಿಕಾರಿ, ಕಂಪನಿಯ ಮ್ಯಾನೇಜರ್, ಇನ್ನಿಬ್ಬರು ಮೂವರು ಕೋಟಿನವರು, ಕೊನೆಯಲ್ಲಿ ಡಾಕ್ಟರಮ್ಮ. ಮುಂದೆ ನೀರು ತುಂಬಿದ ಗ್ಲಾಸುಗಳು. ಫಿನಾಯಿಲಕ್ಕ ವಾರ್ಡು ಒರೆಸುತ್ತಿದ್ದವಳು ಕರೆ ಬಂದ ಕೂಡಲೇ ಹಾಗೆಯೇ ಇಳಿದಿದ್ದಳು. ಬಟ್ಟೆ ಕೈಯಲ್ಲೇ ಇತ್ತು. ಕುರ್ಚಿ ಖಾಲಿ ಇದ್ದರೂ ಕೂರು ಎಂದು ಯಾರೂ ಹೇಳಲಿಲ್ಲ.

ಮ್ಯಾನೇಜರ್ ಮಾತಾಡುತ್ತಿದ್ದ. ಕಂಪನಿ ಬಂದ ಮೇಲೆ ಆಸ್ಪತ್ರೆಗೆ ಎಷ್ಟು ಉಳಿತಾಯ ಎಂದ. ಸ್ವಚ್ಛತೆಯ ಬಗ್ಗೆ ಒಂದೇ ಒಂದು ದೂರು ಇಲ್ಲ, ಸೂಪರ್‌ವೈಸರ್ ದಿನವೂ ಖುದ್ದಾಗಿ ಪರೀಕ್ಷಿಸುತ್ತಾರೆ ಎಂದ. ಮೂಗು ಗೋಡೆ ಪಕ್ಕ ನಿಂತು ತಲೆಯಾಡಿಸಿದ.

"ರೋಗಿಯ ಮನೆ ಎಲ್ಲಿದೆ ನೋಡಿ ಸಾರ್. ಚರಂಡಿ ಪಕ್ಕ. ಇಂಥೋರು ಕೊಳೇಲೇ ಹುಟ್ಟಿ ಕೊಳೇಲೇ ಬೆಳೆದೋರು. ಅಲ್ಲಿಂದ ಹೊತ್ಕೊಂಡು ಬರ್ತಾರೆ, ಆಮೇಲೆ ನಮ್ಮ ಮೇಲೆ ಹಾಕ್ತಾರೆ. ಇವಳು ಅವಳ ಸ್ವಂತ ಅಕ್ಕ. ಇವಳನ್ನೇ ಕೇಳಿ."

ದೊಡ್ಡ ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿದರು. "ಹೇಳಮ್ಮ. ಹೆದರಬೇಡ. ನಿನ್ನ ತಂಗಿ ಗಾಯ ಮುಟ್ಕೊಳ್ತಿದ್ದಳಾ?"

ಫಿನಾಯಿಲಕ್ಕ ಬಾಯಿ ತೆರೆದಳು. ಮಾತು ಬರಲಿಲ್ಲ. ಕೈ ಮಾತ್ರ ಗೊತ್ತಿದ್ದ ಕೆಲಸಕ್ಕೆ ಇಳಿಯಿತು. ಅವಳು ಮೇಜು ಒರೆಸತೊಡಗಿದಳು.

ಮೊದಲು ಯಾರಿಗೂ ವಿಚಿತ್ರ ಅನಿಸಲಿಲ್ಲ. ಇಂಥವರು ಮೇಜು ಒರೆಸುವುದು ಇದ್ದದ್ದೇ. ಕೋಟಿನವನೊಬ್ಬ ಮೊಣಕೈ ಎತ್ತಿ ದಾರಿಯನ್ನೂ ಬಿಟ್ಟ. ಅವಳು ಒಂದು ತುದಿಯಿಂದ ಇನ್ನೊಂದು ತುದಿಗೆ ಒರೆಸಿಕೊಂಡು ಹೋದಳು. ಆಮೇಲೆ ಮ್ಯಾನೇಜರನ ಗ್ಲಾಸು ಎತ್ತಿಕೊಂಡು, ಅದರ ಅಂಚಿನ ಸುತ್ತ ಬಟ್ಟೆ ತಿರುವಿ, ಅವನ ಮುಂದೆ ಇಟ್ಟಳು. ದೊಡ್ಡ ಅಧಿಕಾರಿಯ ಗ್ಲಾಸು. ಕೋಟಿನವರ ಗ್ಲಾಸುಗಳು. ಬೂದು ನೀರು ಗ್ಲಾಸಿನ ಮೈಮೇಲೆ ಇಳಿಯಿತು.

"ಏಯ್, ಏನು ಮಾಡ್ತಿದೀಯಾ?" ಮೂಗು ಕೂಗಿದ.

"ಒರೆಸ್ತಿದೀನಿ ಸಾರ್. ಇದು ಮೂರನೇ ವಾರ್ಡಿನ ಬಟ್ಟೆ. ಈಗ ತಾನೆ ಮೂಲೆ ಮಂಚ ಒರೆಸಿ ಬಂದೆ." ಅವಳ ದನಿ ಈಗ ಬಂತು. ಒರಟಾಗಿ ಬಂತು. "ಕುಡೀರಿ."

ಯಾರೂ ಗ್ಲಾಸು ಮುಟ್ಟಲಿಲ್ಲ.

"ಕುಡೀರಿ ಸಾರ್. ದೂರೇ ಇಲ್ಲದ ಬಟ್ಟೆ. ದಿನಾ ಪರೀಕ್ಷೆ ಮಾಡಿದ ಬಟ್ಟೆ. ನಮ್ಮೋರು ಇದರಲ್ಲೇ ಕುಡೀತಾರೆ, ಇದರಲ್ಲೇ ಮಲಗ್ತಾರೆ. ನಿಮಗೇನಾಯ್ತು?"

ಮ್ಯಾನೇಜರ್ ಕುರ್ಚಿ ಹಿಂದಕ್ಕೆ ತಳ್ಳಿದ. ದೊಡ್ಡ ಅಧಿಕಾರಿ ಕರವಸ್ತ್ರ ತೆಗೆದು ಕೈ ಒರೆಸಿಕೊಂಡರು.

"ನನ್ನ ತಂಗಿ ಗಾಯ ಮುಟ್ಕೊಳ್ಳಲಿಲ್ಲ. ಮುಟ್ಟಿದ್ದು ನಾನು. ನನ್ನ ಕೈಯಾರೆ, ಅಕ್ಕರೆಯಿಂದ ಎರಡೆರಡು ಸಲ ಒರೆಸಿ ಹಚ್ಚಿದೆ. ಅದು ನನ್ನ ಪಾಪ, ನಾನು ಹೊರ್ತೀನಿ. ಆ ಅಜ್ಜಿ ಸರಿಯಾಗಿ ಒರೆಸು ಅಂತ ಕೇಳ್ತಿದ್ಲು, ಒರೆಸಲಿಲ್ಲ. ಅದನ್ನೂ ಹೊರ್ತೀನಿ. ಹೊಸ್ತಿಲ ಮೇಲೆ ಫಿನಾಯಿಲ್ ಚೆಲ್ಲಿ ಇವನ ಮೂಗಿಗೆ ಮಂಕುಬೂದಿ ಎರಚಿದ್ದೂ ನಾನೇ. ಆದರೆ ಹಂಡೆ ಮಾರಿದ್ದು ನಾನಲ್ಲ. ನಲ್ಲಿಗೆ ಬೀಗ ಹಾಕಿದ್ದು ನಾನಲ್ಲ. ರಸ್ತೆ ಆಚೆ ನಾಲ್ಕು ಬಟ್ಟೆ, ಇಲ್ಲಿ ಒಂದು ಬಟ್ಟೆ ಅಂತ ಹಂಚಿದ್ದು ನಾನಲ್ಲ. ನನ್ನ ಪಾಲಿಂದು ನಾನು ಹೇಳ್ದೆ. ನಿಮ್ಮ ಪಾಲಿಂದು ಯಾರು ಹೇಳ್ತಾರೆ?"

ಬಟ್ಟೆಯನ್ನು ಮ್ಯಾನೇಜರನ ಕಾಗದಗಳ ಮೇಲೆ ಇಟ್ಟು ಹೊರಗೆ ಬಂದಳು. ಬಾಗಿಲಲ್ಲಿ ಬೇರೆ ವಾರ್ಡಿನ ಹೆಂಗಸರು ಕಿವಿಗೊಟ್ಟು ನಿಂತಿದ್ದರು. ಅವಳಿಂದಲೇ ಹೊಸ್ತಿಲ ವಿದ್ಯೆ ಕಲಿತವರು. ಒಬ್ಬಳು ತನ್ನ ಬಕೆಟ್ಟನ್ನು ಅಲ್ಲೇ ಬೋರಲು ಹಾಕಿದಳು. ಇನ್ನೊಬ್ಬಳೂ ಹಾಕಿದಳು. ಮಂಚಕ್ಕೊಂದು ಬಟ್ಟೆ ಕೊಡುವ ತನಕ ಬಕೆಟ್ಟು ಮುಟ್ಟುವುದಿಲ್ಲ ಎಂದು ಕೂತರು. ಮೂಗು ಹಾರಾಡಿದ, ಬೆದರಿಸಿದ, ಆಮೇಲೆ ಕಾಲು ಹಿಡಿಯುವುದೊಂದು ಬಾಕಿ. ಅವರು ಜಗ್ಗಲಿಲ್ಲ. ಕೊನೆಗೆ ಬಣ್ಣದ ಬಟ್ಟೆಗಳು ಬಂದವು. ನಲ್ಲಿಯ ಬೀಗವೂ ತೆರೆಯಿತು. ಎಷ್ಟು ದಿನ ತೆರೆದಿರುತ್ತದೋ ಗೊತ್ತಿಲ್ಲ. ಫಿನಾಯಿಲಕ್ಕನ ಕೆಲಸ ಮಾತ್ರ ಹೋಯಿತು.

ಒಂದು ದಿನ ಅವಳು ಭೇಟಿಯ ಹೊತ್ತಿನಲ್ಲಿ, ಎಲ್ಲರಂತೆ ಸಾಲಿನಲ್ಲಿ ನಿಂತು ವಾರ್ಡಿಗೆ ಬಂದಳು. ಕೈ ಖಾಲಿ. ಖಾಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತಂಗಿ ದಿಂಬಿಗೊರಗಿ ಕೂತಿದ್ದಳು. ಅಕ್ಕನನ್ನು ಕಂಡು ಮುಖ ಅರಳಿಸಿದಳು. ಕಾಲು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ಗ್ಲಾಸು ಒರೆಸಿ ಕುಡೀರಿ ಅಂದೆಯಂತೆ! ವಾರ್ಡೆಲ್ಲ ಅದೇ ಮಾತು. ಬಾ, ಕೂತ್ಕೋ, ಮೊದಲಿಂದ ಹೇಳು. ಆ ಮ್ಯಾನೇಜರ್ ಮುಖ ಹೆಂಗಾಯ್ತು?"

ಫಿನಾಯಿಲಕ್ಕ ಮಂಚದ ತುದಿಯಲ್ಲಿ, ಹೊದಿಕೆ ಚಪ್ಪಟೆಯಾಗಿದ್ದ ಕಡೆ ಕೂರಲು ಹೋಗಿ, ಎದ್ದು ನಿಂತಳು.

"ಅವರು ನಿನಗೆ ಪೂರ್ತಿ ಹೇಳಿಲ್ಲ ಕಣೇ."

"ಏನು ಹೇಳಿಲ್ಲ?"

ಅವಳು ನಿಂತುಕೊಂಡೇ ಹೇಳಿದಳು. ಮೂಲೆಯಿಂದ ಬರುತ್ತಿದ್ದ ಬಟ್ಟೆಯ ವಿಷಯ, ಎರಡೆರಡು ಸಲ ಒರೆಸಿದ್ದು, ಡಾಕ್ಟರಮ್ಮ ಹೇಳಿದ್ದು. ವಿಚಾರಣೆಯ ಹಿಂದಿನ ದಿನ ದಾರಿಯುದ್ದಕ್ಕೂ ತಪ್ಪನ್ನು ತಂಗಿಯ ಮೇಲೆ ಹಾಕಿಬಿಡಬೇಕೆಂದು ಆಸೆಪಟ್ಟದ್ದನ್ನೂ ಬಿಡಲಿಲ್ಲ. ತಂಗಿಯ ನಗು ಯಾವಾಗ ಹೋಯಿತೋ ಅವಳು ನೋಡಲಿಲ್ಲ. ನೆಲ ನೋಡುತ್ತಿದ್ದಳು. ನೆಲ ಚೊಕ್ಕಟವಾಗಿತ್ತು.

"ಹೊಡಿ ಬೇಕಾದ್ರೆ. ಉಗಿ. ಹೊಟ್ಟೆಗೆ ಹಾಕ್ಕೋ ಅಂತ ನಾನು ಕೇಳಲ್ಲ."

ತಂಗಿ ಹೊಡೆಯಲಿಲ್ಲ. ಪಕ್ಕದ ಪುಟ್ಟ ಮೇಜಿನ ಕಡೆ ತಿರುಗಿ ನೋಡಿದಳು. ಮೇಜಿನ ಮೇಲೆ ಅರ್ಧ ನೀರಿದ್ದ ಗ್ಲಾಸು ಇತ್ತು.

"ಈ ಗ್ಲಾಸನ್ನೂ ಒರೆಸ್ತಿದ್ದೆ, ಅಲ್ವಾ?"

"ಹೂಂ."

"ಅಲ್ಲಿ ಅವರ್ಯಾರೂ ಕುಡೀಲಿಲ್ವಾ?"

"ಇಲ್ಲ."

"ಒಬ್ಬರೂ?"

"ಒಬ್ಬರೂ ಇಲ್ಲ."

ತಂಗಿ ಗ್ಲಾಸನ್ನು ಕೈಗೆ ತೆಗೆದುಕೊಂಡಳು. ಹೊಲಿಗೆ ಸರಿಯಾಗಿದೆಯೇ ಎಂದು ನೋಡುವವಳಂತೆ ಅದರ ಅಂಚಿನ ಮೇಲೆ ಬೆರಳಾಡಿಸಿದಳು. ಮತ್ತೆ ಅದನ್ನು ಮೇಜಿನ ಮೇಲಿಟ್ಟಳು.

"ನಾನು ದಿನಾ ಕುಡೀತಿದ್ದೆ, ಅಕ್ಕ" ಎಂದಳು.